ಹಿತ್ತಲಿಗೆ ಪಾಸಮ್ ಬಂದಿದೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ರಾಲೀ ಪಕ್ಕದ ಕ್ಯಾರಿ ಊರಿನಲ್ಲಿ. ಮನೆಯ ಹಿಂದೆ ಒಂದಿಷ್ಟು ಹುಲ್ಲು, ಒಂದು ಡೆಕ್ಕು (ನೆಲದಿಂದ ಎತ್ತರಿಸಿ ಕಟ್ಟಿದ ಮರದ ಜಗಲಿ), ಅದರಾಚೆ ಪೈನ್ ತೋಪು. ಇಲ್ಲಿ ಹೊಸದಾಗಿ ಮನೆ ಕೊಂಡ ಕನ್ನಡದವರು ಮೊದಲ ವರ್ಷ ಸಾಲದ ಬಡ್ಡಿಯ ಬಗ್ಗೆ ಕೇಳುತ್ತಾರೆ. ಎರಡನೇ ವರ್ಷ ಪಾಸಮ್ ಬಗ್ಗೆ. ಯುಗಾದಿ ಊಟದ ಸಾಲಿನಲ್ಲಿ, ವಾಟ್ಸಾಪ್‌ನಲ್ಲಿ, ಊರಿಂದ ಬಂದ ಅಪ್ಪ ಅಮ್ಮಂದಿರ ಜೊತೆ ವಾಕಿಂಗ್ ಹೋದಾಗ ಕಿವಿಗೆ ಬಿದ್ದ ಪ್ರಶ್ನೆಗಳನ್ನು ಇಲ್ಲಿ ಕಲೆಹಾಕಿದ್ದೇನೆ. ನಾನು ಪ್ರಾಣಿವೈದ್ಯನಲ್ಲ. ಈ ಪ್ರಾಣಿಗಳ ಪಕ್ಕದ ಮನೆಯವನು, ಅಷ್ಟೆ.

## ಮೊದಲ ಭೇಟಿ

ನಿನ್ನೆ ರಾತ್ರಿ ಬೆಕ್ಕಿನ ಗಾತ್ರದ ಹೆಗ್ಗಣ ನೋಡಿದೆ. ಅಮೆರಿಕದ ಹೆಗ್ಗಣ ಇಷ್ಟು ದೊಡ್ಡದಾ?

ಅದು ಹೆಗ್ಗಣವಲ್ಲ, ಪಾಸಮ್. ಬಿಳಿ ಮುಖ, ಗುಲಾಬಿ ಮೂಗು, ಕಪ್ಪು ಕಾಗದ ಕತ್ತರಿಸಿ ಅಂಟಿಸಿದಂಥ ಕಿವಿ, ಕೂದಲಿಲ್ಲದ ಉದ್ದ ಬಾಲ. ಬಾಲ ನೋಡಿದ ಕೂಡಲೇ ನಮ್ಮವರ ಬಾಯಲ್ಲಿ ಬರುವುದು ಹೆಗ್ಗಣವೇ. ಆದರೆ ಇಲಿಗೂ ಇದಕ್ಕೂ ನೆಂಟಸ್ತನವಿಲ್ಲ. ಇದು ಕಾಂಗರೂ ಕಡೆಯದು. ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಪ್ರಾಣಿ. ಮೆಕ್ಸಿಕೊದಿಂದ ಉತ್ತರಕ್ಕೆ ಇರುವ ಇಡೀ ಅಮೆರಿಕ ಖಂಡದಲ್ಲಿ ಅಂಥದ್ದು ಇದೊಂದೇ.

ಹೆಗ್ಗಣ ಎಂದು ತಪ್ಪು ತಿಳಿದವರಲ್ಲಿ ನೀವೇ ಮೊದಲಿಗರೂ ಅಲ್ಲ. ಹೆಗ್ಗಣಕ್ಕೆ ಇಂಗ್ಲಿಷಿನವರು ಬ್ಯಾಂಡಿಕೂಟ್ ಎನ್ನುತ್ತಾರೆ. ಅದು ತೆಲುಗಿನ ಪಂದಿಕೊಕ್ಕು, ಅಂದರೆ ಹಂದಿ ಇಲಿ. ಅದೇ ಹೆಸರು ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ಒಂದು ಚೀಲದ ಪ್ರಾಣಿಗೆ ಅಂಟಿಕೊಂಡಿತು. ಇವತ್ತಿಗೂ ಅದನ್ನು ಹಾಗೇ ಕರೆಯುತ್ತಾರೆ.

ಒಪೋಸಮ್ ಅನ್ನಬೇಕಾ, ಪಾಸಮ್ ಅನ್ನಬೇಕಾ? ಕನ್ನಡದಲ್ಲಿ ಏನಂತಾರೆ?

ಬರೆಯುವಾಗ ಒಪೋಸಮ್, ಬಾಯಿಮಾತಿನಲ್ಲಿ ಪಾಸಮ್. ಪೂರ್ತಿ ಹೆಸರು ವರ್ಜೀನಿಯಾ ಒಪೋಸಮ್. ಆಸ್ಟ್ರೇಲಿಯಾದಲ್ಲಿ ಪಾಸಮ್ ಎಂದರೆ ಬೇರೆಯೇ ಪ್ರಾಣಿ. ಅಲ್ಲಿನ ನೆಂಟರ ಜೊತೆ ಮಾತಾಡುವಾಗ ಇದು ನೆನಪಿರಲಿ.

ಭಾರತದಲ್ಲಿ ಚೀಲದ ಪ್ರಾಣಿಗಳೇ ಇಲ್ಲ. ಹಾಗಾಗಿ ಕನ್ನಡದಲ್ಲಿ ಇದಕ್ಕೆ ಹಳೆಯ ಹೆಸರಿಲ್ಲ. ನಮ್ಮಮ್ಮ ಬಂದ ಮೊದಲ ವಾರವೇ ಬಿಳಿಮೂತಿ ಎಂದು ಹೆಸರಿಟ್ಟರು. ಒಪೋಸಮ್ ಎಂಬುದು ವರ್ಜೀನಿಯಾದ ಪೊವಾಟನ್ ಮೂಲನಿವಾಸಿಗಳ ಮಾತು. ಅದರ ಅರ್ಥವೂ ಹೆಚ್ಚುಕಡಿಮೆ ಬಿಳಿ ಪ್ರಾಣಿ ಎಂದೇ. ನಾಲ್ಕು ನೂರು ವರ್ಷದ ಹಿಂದೆ ಆ ಮಾತನ್ನು ಇಂಗ್ಲಿಷಿಗೆ ತಂದವರಲ್ಲಿ ಕ್ಯಾಪ್ಟನ್ ಜಾನ್ ಸ್ಮಿತ್ ಒಬ್ಬ. ಹಂದಿಯ ತಲೆ, ಇಲಿಯ ಬಾಲ, ಬೆಕ್ಕಿನ ಗಾತ್ರ ಎಂದು ಅವನು ಬರೆದಿಟ್ಟ. ಅವನಿಗೂ ಬಾಲವೇ ಕಣ್ಣಿಗೆ ಬಿದ್ದಿದ್ದು, ನೋಡಿ.

ಸತ್ತು ಬಿದ್ದಿತ್ತು. ಸಲಿಕೆ ತರುವಷ್ಟರಲ್ಲಿ ಎದ್ದು ಹೋಗಿತ್ತು! ಇದೆಲ್ಲ ನಾಟಕನಾ?

ನಾಟಕ ಅನ್ನೋಕೂ ಆಗಲ್ಲ. ನಾಟಕ ಬೇಕೆಂದು ಆಡುವಂಥದ್ದು. ಇದು ಪಾಸಮ್‌ನ ಹಿಡಿತದಲ್ಲಿಲ್ಲ. ಹೆದರಿಕೆ ಮಿತಿಮೀರಿದಾಗ ಮೈ ತಾನಾಗಿಯೇ ಸೋತು ಬೀಳುತ್ತದೆ. ನಾವು ತಲೆಸುತ್ತಿ ಬೀಳುವ ಹಾಗೆ. ಬಾಯಿ ತೆರೆದಿರುತ್ತದೆ, ಜೊಲ್ಲು ಸುರಿಯುತ್ತದೆ, ಉಸಿರು ಮತ್ತು ಎದೆಬಡಿತ ನಿಧಾನವಾಗುತ್ತವೆ. ಹಿಂಬದಿಯ ಗ್ರಂಥಿಯಿಂದ ಕೊಳೆತ ವಾಸನೆಯ ಹಸಿರು ಲೋಳೆ ಬರುತ್ತದೆ. ಕೋಲಿನಿಂದ ತಿವಿದರೂ ಅಲುಗುವುದಿಲ್ಲ. ಎಷ್ಟೋ ನಾಯಿಗಳು ಆ ನಾತಕ್ಕೆ ಬೇಸತ್ತು ಹೊರಟುಹೋಗುತ್ತವೆ.

ಇದು ಕೆಲವು ನಿಮಿಷವೂ ಆಗಬಹುದು, ಕೆಲವು ಗಂಟೆಯೂ ಆಗಬಹುದು. ಏಳುವ ಮುಂಚೆ ಕಿವಿ ಸಣ್ಣಗೆ ಅದುರುತ್ತದೆ. ನಾಯಿಯನ್ನು ಒಳಗೆ ಕರೆದುಕೊಳ್ಳಿ, ದೀಪ ಆರಿಸಿ, ನೀವೂ ಹೋಗಿ ಮಲಗಿ. ಬೆಳಿಗ್ಗೆಯೂ ಅಲ್ಲೇ ಇದ್ದು ನೊಣ ಮುತ್ತಿದ್ದರೆ ಆಗ ಸಲಿಕೆ ತನ್ನಿ.

ಬಾಗಿಲು ತೆಗೆದ ಕೂಡಲೇ ಬಾಯಿ ಅಗಲಿಸಿ ಹಲ್ಲು ತೋರಿಸಿತು. ಮೇಲೆ ಎರಗುತ್ತಾ?

ಇಲ್ಲ. ಅದರ ಬಾಯಲ್ಲಿ 50 ಹಲ್ಲುಗಳಿವೆ. ಉತ್ತರ ಅಮೆರಿಕದ ನೆಲದ ಸಸ್ತನಿಗಳಲ್ಲಿ ಇಷ್ಟು ಹಲ್ಲು ಬೇರೆ ಯಾವುದಕ್ಕೂ ಇಲ್ಲ. ಅಷ್ಟನ್ನೂ ತೋರಿಸುವುದೇ ಅದರ ದೊಡ್ಡ ಅಸ್ತ್ರ. ಬುಸ್ಸೆನ್ನುತ್ತದೆ, ಜೊಲ್ಲು ಸುರಿಸುತ್ತದೆ, ದಾರಿ ಸಿಕ್ಕರೆ ನಡೆದು ಹೋಗುತ್ತದೆ. ನಡಿಗೆಯೂ ಮದುವೆ ಮನೆಯಲ್ಲಿ ಊಟ ಮುಗಿಸಿದವರ ಹಾಗೆ ನಿಧಾನ. ಹಿಡಿಯಲು ಹೋದರೆ, ಮೂಲೆಗೆ ತಳ್ಳಿದರೆ ಮಾತ್ರ ಕಚ್ಚೀತು.

ಬಾಲದಿಂದ ಮರಕ್ಕೆ ನೇತುಹಾಕಿಕೊಂಡು ಮಲಗುತ್ತೆ ಅಂತ ಮಗಳ ಶಾಲೆಯಲ್ಲಿ ಹೇಳಿದ್ದಾರೆ. ನಿಜಾನಾ?

ಚಿತ್ರಪುಸ್ತಕದಲ್ಲಿ ಮಾತ್ರ. ಹತ್ತುವಾಗ ಕೊಂಬೆಗೆ ಬಾಲ ಸುತ್ತಿಕೊಳ್ಳುತ್ತದೆ. ಆದರೆ ದೊಡ್ಡ ಪಾಸಮ್‌ನ ಭಾರಕ್ಕೆ ಆ ಬಾಲ ತುಂಬಾ ಹೊತ್ತು ತಡೆಯದು. ಬಾಲದ ನಿಜವಾದ ಚಂದ ಬೇರೆ. ಒಣಗಿದ ಎಲೆಗಳನ್ನು ಬಾಯಲ್ಲಿ ಎತ್ತಿ, ಹೊಟ್ಟೆಯಡಿ ಹಿಂದಕ್ಕೆ ತಳ್ಳಿ, ಬಾಲದಲ್ಲಿ ಕಟ್ಟು ಕಟ್ಟಿಕೊಂಡು ಗೂಡಿಗೆ ಒಯ್ಯುತ್ತದೆ. ಸೌದೆ ಹೊರೆ ಹೊತ್ತವರ ಹಾಗೆ. ಶರತ್ಕಾಲದ ಒಂದು ಸಂಜೆ ನಾನೂ ಮಗನೂ ಕಿಟಕಿಯಲ್ಲಿ ನಿಂತು ಅದನ್ನು ನೋಡಿದ್ದೇವೆ. ಅವತ್ತಿನ ಸಾರು ತಳ ಹಿಡಿಯಿತು.

## ಭಯದ ಪ್ರಶ್ನೆಗಳು

ರೇಬಿಸ್ ಇರುತ್ತಾ? ಜೊಲ್ಲು ನೋಡಿ ಭಯ ಆಯ್ತು.

ಜೊಲ್ಲು ಹೆದರಿಕೆಯದು, ಹುಚ್ಚಿನದಲ್ಲ. ಪಾಸಮ್‌ನಲ್ಲಿ ರೇಬಿಸ್ ತುಂಬಾ ಅಪರೂಪ. ಅದರ ಮೈಯ ಶಾಖ ನಮ್ಮದಕ್ಕಿಂತ ಕಡಿಮೆ, ಸುಮಾರು 34ರಿಂದ 36 ಡಿಗ್ರಿ ಸೆಲ್ಸಿಯಸ್. ಆ ತಂಪಿನಲ್ಲಿ ವೈರಸ್ ಚೆನ್ನಾಗಿ ಬೆಳೆಯದು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ.

ಅಪರೂಪ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಯಾವ ಕಾಡುಪ್ರಾಣಿ ಕಚ್ಚಿದರೂ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಅರಿಶಿನ ಮೆತ್ತಿ ಕೂರಬೇಡಿ.

ಹಾಗಾದರೆ ರೇಬಿಸ್ ಬಗ್ಗೆ ಯಾವುದಕ್ಕೆ ಹೆದರಬೇಕು?

ಬಾವಲಿಗೆ. ಊರಲ್ಲಿ ನಾವು ನಾಯಿಗೆ ಹೆದರಿ ಬೆಳೆದವರು. ಇಲ್ಲಿ ಲೆಕ್ಕ ಬೇರೆ. ಅಮೆರಿಕದಲ್ಲಿ ರೇಬಿಸ್‌ನಿಂದ ಸಾಯುವ ಬೆರಳೆಣಿಕೆಯ ಜನರಲ್ಲಿ ಹೆಚ್ಚಿನವರಿಗೆ ಅದು ಅಂಟಿರುವುದು ಬಾವಲಿಯಿಂದ. ಇಲ್ಲಿನ ಬಾವಲಿಯ ಹಲ್ಲು ಎಷ್ಟು ಸಣ್ಣದೆಂದರೆ ಕಚ್ಚಿದ ಗುರುತೇ ಕಾಣದಿರಬಹುದು. ಮಲಗಿದ್ದವರ ಕೋಣೆಯಲ್ಲಿ, ಮಗುವಿನ ಕೋಣೆಯಲ್ಲಿ ಬಾವಲಿ ಕಂಡರೆ ಕಿಟಕಿ ತೆರೆದು ಓಡಿಸಬೇಡಿ. ಬಾಗಿಲು ಮುಚ್ಚಿ, ಕೌಂಟಿಯ ಆರೋಗ್ಯ ಇಲಾಖೆಗೆ ಫೋನ್ ಮಾಡಿ. ಬಾವಲಿ ಸಿಕ್ಕರೆ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಏನೂ ಇಲ್ಲವೆಂದಾದರೆ ನಿಮಗೆ ಲಸಿಕೆಯೂ ತಪ್ಪುತ್ತದೆ. ಹೊರಗೆ ಸಂಜೆ ಹಾರುವ ಬಾವಲಿ ಮಾತ್ರ ಸೊಳ್ಳೆ ಹಿಡಿಯುವ ಸ್ನೇಹಿತ, ಅದನ್ನು ಅದರ ಪಾಡಿಗೆ ಬಿಡಿ.

ಬಾವಲಿ ಬಿಟ್ಟರೆ ಕಣ್ಣ ಸುತ್ತ ಕಪ್ಪು ಪಟ್ಟಿಯಿರುವ ರಕೂನ್, ಹೆದರಿದಾಗ ನಾತದ ದ್ರವ ಚಿಮ್ಮಿಸುವ ಸ್ಕಂಕ್, ನರಿ. ಇವು ಹಗಲಲ್ಲಿ ಕಂಡ ಮಾತ್ರಕ್ಕೆ ಹುಚ್ಚು ಹಿಡಿದಿದೆ ಎಂದಲ್ಲ. ಮರಿ ಇರುವ ತಾಯಿ ಹಗಲಲ್ಲೂ ಆಹಾರ ಹುಡುಕುತ್ತದೆ. ಓಲಾಡುತ್ತಾ, ಸುತ್ತು ಹಾಕುತ್ತಾ, ಮನುಷ್ಯರ ಭಯವಿಲ್ಲದೆ ಮೈಮೇಲೆ ಬಂದರೆ ಆಗ ದೂರ ಸರಿದು, ಪ್ರಾಣಿಗಳ ದೂರು ನೋಡಿಕೊಳ್ಳುವ ಸ್ಥಳೀಯ ಇಲಾಖೆಯಾದ ಅನಿಮಲ್ ಕಂಟ್ರೋಲ್‌ಗೆ ಹೇಳಿ.

ಪಾಸಮ್ ಇದ್ದರೆ ಹಾವು ಬರಲ್ಲ ಅಂತಾರೆ. ಮುಂಗುಸಿ ಥರಾನಾ?

ಮುಂಗುಸಿಯಂತೆ ಸೆಣಸುವುದಿಲ್ಲ, ಆದರೆ ಹಾವು ತಿನ್ನುತ್ತದೆ. ನಮ್ಮ ಕಡೆ ಹೆಚ್ಚಾಗಿರುವ ವಿಷದ ಹಾವು ಕಾಪರ್‌ಹೆಡ್. ಒಣಗಿದ ಎಲೆಗಳ ನಡುವೆ ಇದ್ದರೆ ಕಾಣುವುದೇ ಇಲ್ಲ. ಕಾಪರ್‌ಹೆಡ್, ರ‍್ಯಾಟಲ್‌ಸ್ನೇಕ್ ಕಚ್ಚಿದರೆ ಪಾಸಮ್‌ಗೆ ಅಷ್ಟಾಗಿ ಏನೂ ಆಗದು. ಆ ವಿಷವನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನ್ ಅದರ ರಕ್ತದಲ್ಲಿದೆ.

ಇದರಲ್ಲಿ ನಮಗೂ ಒಂದು ಎಳೆ ಇದೆ. 2015ರಲ್ಲಿ ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿಯ ವಿಜ್ಞಾನಿಗಳು ಆ ಪ್ರೋಟೀನಿನ ಒಂದು ತುಣುಕನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ಇಲಿಗಳ ಮೇಲೆ ಪರೀಕ್ಷಿಸಿದರು. ರ‍್ಯಾಟಲ್‌ಸ್ನೇಕ್ ವಿಷದ ಜೊತೆಗೆ ಕೊಳಕುಮಂಡಲದ ವಿಷದ ಮೇಲೂ ಅದು ಕೆಲಸ ಮಾಡಿತು. ನಮ್ಮ ಗದ್ದೆಗಳಲ್ಲಿ ರೈತರನ್ನು ಕಚ್ಚುವ ಅದೇ ಕೊಳಕುಮಂಡಲ. ಔಷಧಿ ಆಗುವುದಕ್ಕೆ ಇನ್ನೂ ದೂರ ಇದೆ.

ಆದರೂ ಪಾಸಮ್ ಇದೆಯಲ್ಲ ಎಂದು ಕತ್ತಲಲ್ಲಿ ಬರಿಗಾಲಲ್ಲಿ ಓಡಾಡಬೇಡಿ. ಟಾರ್ಚ್ ಹಿಡಿದುಕೊಳ್ಳಿ.

ಒಂದು ಪಾಸಮ್ 5,000 ಉಣುಗು ತಿನ್ನುತ್ತಂತೆ. ಹಾಗಾದರೆ ಸಾಕೋಣ ಅಲ್ವಾ?

ಇದು ಎಲ್ಲರೂ ಫಾರ್ವರ್ಡ್ ಮಾಡುವ ಮಾತು. ಮಲೆನಾಡಿನವರು ಉಣುಗು ಎಂದ ಕೂಡಲೇ ಕಿವಿ ನೆಟ್ಟಗೆ ಮಾಡುತ್ತಾರೆ. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ ತಾನೇ. ಇಲ್ಲಿ ಅದೇ ಜಾಗದಲ್ಲಿ ಲೈಮ್ ಕಾಯಿಲೆ ಇದೆ.

5,000ದ ಮೂಲ 2009ರ ಒಂದು ಅಧ್ಯಯನ. ನ್ಯೂಯಾರ್ಕ್ ರಾಜ್ಯದಲ್ಲಿ ಬೋನಿನಲ್ಲಿಟ್ಟ ಪ್ರಾಣಿಗಳ ಮೇಲೆ ಉಣುಗಿನ ಮರಿಗಳನ್ನು ಬಿಟ್ಟರು. ಕೆಳಗೆ ಉದುರಿದವನ್ನು ಎಣಿಸಿದರು. ಉದುರದೆ ಹೋದವನ್ನು ಪ್ರಾಣಿ ನೆಕ್ಕಿ ತಿಂದಿರಬೇಕು ಎಂದುಕೊಂಡರು. ಆ ಲೆಕ್ಕವನ್ನು ಇಡೀ ಋತುವಿಗೆ ಹಿಗ್ಗಿಸಿದಾಗ ಸಾವಿರಾರು ಆಯಿತು. 2021ರಲ್ಲಿ ಇಲಿನಾಯ್‌ನಲ್ಲಿ ಬೇರೆಯವರು 32 ಪಾಸಮ್‌ಗಳ ಹೊಟ್ಟೆಯನ್ನೇ ಬಿಚ್ಚಿ ನೋಡಿದರು. ಒಂದೇ ಒಂದು ಉಣುಗೂ ಸಿಗಲಿಲ್ಲ.

ನನಗೆ ಎರಡನೆಯದರ ಮೇಲೆ ನಂಬಿಕೆ ಜಾಸ್ತಿ. ಪಾಸಮ್ ಇಷ್ಟವಾಗಲು ಈ 5,000 ಬೇಕಾಗಿಯೂ ಇಲ್ಲ. ಬಸವನಹುಳು, ಜಿರಲೆ, ಇಲಿಮರಿ, ಬಿದ್ದ ಹಣ್ಣು, ಸತ್ತ ಹಕ್ಕಿ ಎಲ್ಲವನ್ನೂ ತಿಂದು ಮುಗಿಸುತ್ತದೆ. ಸಂಬಳವಿಲ್ಲದೆ ಅಷ್ಟು ಕೆಲಸ ಸಾಲದೇ?

## ಡೆಕ್ಕು, ಕಸ, ತೋಟ

ಅಮ್ಮ ದಿನಾ ಕಾಗೆಗೆ ಅನ್ನ ಇಡ್ತಾರೆ. ಅದಕ್ಕೇ ಬರ್ತಿದೆಯಾ?

ಬಹುಶಃ ಹೌದು. ಈ ಪ್ರಶ್ನೆಗೆ ಮಾತ್ರ ಜಾಣತನದಿಂದ ಉತ್ತರಿಸಬೇಕು. ಇಲ್ಲಿ ಪಾಸಮ್‌ಗಿಂತ ಅತ್ತೆ ಸೊಸೆಯರ ವಿಷಯ ದೊಡ್ಡದು.

ಊರಲ್ಲಿ ಕಾಗೆಗೆ ಇಟ್ಟ ಅನ್ನ ಹತ್ತು ನಿಮಿಷದಲ್ಲಿ ಖಾಲಿ. ಇಲ್ಲಿನ ಕಾಗೆಗಳು ನಮ್ಮ ಹೊತ್ತಿಗೆ ಬರುವುದಿಲ್ಲ. ಅನ್ನ ಹಾಗೇ ಉಳಿಯುತ್ತದೆ. ರಾತ್ರಿ ಅದರ ವಾಸನೆ ಹಿಡಿದು ಪಾಸಮ್ ಬರುತ್ತದೆ, ಹಿಂದೆಯೇ ರಕೂನ್ ಬರುತ್ತದೆ, ಕೊನೆಗೆ ನಿಜವಾದ ಹೆಗ್ಗಣವೂ ಬರುತ್ತದೆ. ತುಪ್ಪ, ಮೊಸರು ಕಲಸಿದ್ದರಂತೂ ಕೇಳುವುದೇ ಬೇಡ.

ನಮ್ಮ ಮನೆಯಲ್ಲಿ ಆದ ಒಪ್ಪಂದ ಹೀಗಿದೆ. ಬೆಳಿಗ್ಗೆಯೇ ಇಡುವುದು, ನೆಲದ ಮೇಲೆ ಬೇಡ, ತಟ್ಟೆಯಲ್ಲಿ. ಒಂದು ಹಿಡಿ ಮಾತ್ರ. ಮಧ್ಯಾಹ್ನ ಊಟಕ್ಕೆ ಮುಂಚೆ ತಟ್ಟೆ ಒಳಗೆ. ತಿಥಿಯ ದಿನವೂ ಅಷ್ಟೆ, ಸಂಜೆಯವರೆಗೆ ಪಿಂಡ ಹೊರಗಿರುವುದು ಬೇಡ. ಈ ನಿಯಮ ಬಂದ ಮೇಲೆ ರಾತ್ರಿಯ ಅತಿಥಿಗಳು ಎರಡು ವಾರದಲ್ಲಿ ಕಡಿಮೆಯಾದರು. ಅಮ್ಮನಿಗೂ ಬೇಸರವಾಗಲಿಲ್ಲ.

ಬೆಕ್ಕಿನ ಊಟ ರಾತ್ರಿ ಹೊರಗಿಡಬೇಡಿ. ಹಕ್ಕಿಕಾಳು ಉದುರಿದ್ದನ್ನು ಗುಡಿಸಿ. ಕಸದ ತೊಟ್ಟಿಯನ್ನು ಲಾರಿ ಬರುವ ದಿನ ಬೆಳಿಗ್ಗೆಯೇ ಹೊರಗಿಡಿ. ಬಿರಿಯಾನಿ ಮಾಡಿದ ದಿನ ಇದನ್ನು ಎರಡು ಸಲ ನೆನಪಿಸಿಕೊಳ್ಳಿ.

ಡೆಕ್ ಕೆಳಗೆ ಸೇರಿಕೊಂಡಿದೆ. ಹೇಗೆ ಓಡಿಸೋದು?

ಮೊದಲು ಏನೂ ಮಾಡಬೇಡಿ. ಪಾಸಮ್ ಅಲೆಮಾರಿ. ಒಂದೇ ಬಿಲದಲ್ಲಿ ತಿಂಗಳುಗಟ್ಟಲೆ ಇರುವ ಜಾತಿಯಲ್ಲ. ಎರಡು ಮೂರು ರಾತ್ರಿ ತಂಗಿ ಮುಂದಿನ ಮನೆಗೆ ಹೋಗುತ್ತದೆ. ನೀವು ವೃತ್ತಿಪರರನ್ನು ಕರೆದು ನೂರಾರು ಡಾಲರ್ ಕೊಟ್ಟ ಮೇಲೆ ಅದು ಹೋಯಿತು ಎಂದರೆ, ಕರೆಯದಿದ್ದರೂ ಹೋಗುತ್ತಿತ್ತು ಎಂದೇ ಲೆಕ್ಕ.

ಒಂದು ವಾರ ಕಳೆದರೂ ಇದ್ದರೆ ಬಿಲದ ಬಾಯಿಗೆ ಸುಮ್ನೆ ಹಳೆಯ ಪೇಪರನ್ನು ಸಡಿಲವಾಗಿ ತುರುಕಿ. ಒಳಗಿರುವ ಪ್ರಾಣಿ ಅದನ್ನು ತಳ್ಳಿಕೊಂಡು ಹೊರಬರುತ್ತದೆ. ಎರಡು ಮೂರು ರಾತ್ರಿ ಪೇಪರ್ ಅಲುಗಾಡದಿದ್ದರೆ ಒಳಗೆ ಯಾರೂ ಇಲ್ಲ. ಚಳಿ ತೀರಾ ಇದ್ದಾಗ ಈ ಪರೀಕ್ಷೆ ನಂಬಬೇಡಿ, ಆಗ ಅದು ಕೆಲವು ದಿನ ಹೊರಗೇ ಬರದೆ ಇರಬಹುದು. ಖಾಲಿ ಎಂದು ಗೊತ್ತಾದ ಮೇಲೆ ಅರ್ಧ ಇಂಚಿನ ಕಣ್ಣಿನ ಕಬ್ಬಿಣದ ಜಾಲರಿಯಿಂದ ಮುಚ್ಚಿ. ಜಾಲರಿಯ ಕೆಳಗಿನ ಅಂಚು ಒಂದು ಅಡಿ ಮಣ್ಣಿನೊಳಗೆ ಹೋಗಿ ಹೊರಮುಖವಾಗಿ ಬಾಗಿರಲಿ. ಇಲ್ಲದಿದ್ದರೆ ಮುಂದಿನ ವಾರ ಸ್ಕಂಕ್ ಬಂದು ತೋಡುತ್ತದೆ.

ಮಾರ್ಚ್‌ನಿಂದ ಬೇಸಿಗೆಯವರೆಗೆ ಮುಚ್ಚುವ ಮುಂಚೆ ಮರಿಗಳಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಪಾಸಮ್ ತಾಯಿ ಮರಿಗಳನ್ನು ಜೊತೆಯಲ್ಲೇ ಹೊತ್ತುಕೊಂಡು ಹೋಗುತ್ತದೆ, ಅದು ನಮ್ಮ ಪುಣ್ಯ. ರಕೂನ್, ಅಳಿಲು ಹಾಗಲ್ಲ, ಮರಿ ಬಿಟ್ಟು ಹೋಗಿ ಬರುತ್ತವೆ. ತಾಯಿಯನ್ನು ಹೊರಗೆ ಬಿಟ್ಟು ಬಾಗಿಲು ಮುಚ್ಚಿದರೆ ಅದು ನಿಮ್ಮ ಡೆಕ್ಕನ್ನೇ ಕಿತ್ತುಹಾಕುತ್ತದೆ, ಇಲ್ಲವೇ ಮರಿಗಳು ಒಳಗೆ ಸಾಯುತ್ತವೆ.

ನುಸಿಗುಳಿಗೆ ಎಸೆಯಬೇಡಿ. ಬೀರುವಿನಲ್ಲಿ ಇಡುವ ಆ ಗುಳಿಗೆ ವಿಷ. ಪ್ಯಾಕೆಟ್ಟಿನ ಮೇಲೆ ಹೇಳದ ರೀತಿಯಲ್ಲಿ ಬಳಸುವುದು ಇಲ್ಲಿ ಕಾನೂನಿಗೂ ವಿರುದ್ಧ. ಪಾಸಮ್ ಹೋಗದು, ನಿಮ್ಮ ಮಗು ಅದನ್ನು ಮಿಠಾಯಿ ಎಂದುಕೊಂಡೀತು.

ಬೋನಿಟ್ಟು ಹಿಡಿದು ದೂರದ ಪಾರ್ಕಿನಲ್ಲಿ ಬಿಟ್ಟು ಬಂದರೆ? ಕೊಲ್ಲೋದಂತೂ ಬೇಡ.

ಕೊಲ್ಲಬಾರದು ಎಂಬ ಮನಸ್ಸು ಒಳ್ಳೆಯದು, ದಾರಿ ಒಳ್ಳೆಯದಲ್ಲ. ಹಿಡಿದ ಪ್ರಾಣಿಯನ್ನು ಬೇರೆಡೆ ಬಿಡುವುದಕ್ಕೆ ಹಲವು ರಾಜ್ಯಗಳಲ್ಲಿ ನಿರ್ಬಂಧವಿದೆ. ಕ್ಯಾಲಿಫೋರ್ನಿಯಾದಲ್ಲಿ ಅನುಮತಿಯಿಲ್ಲದೆ ಮಾಡುವಂತಿಲ್ಲ. ಹೊಸ ಜಾಗದಲ್ಲಿ ಅದಕ್ಕೆ ನೀರೆಲ್ಲಿ, ಬಿಲವೆಲ್ಲಿ, ನಾಯಿಯೆಲ್ಲಿ ಗೊತ್ತಿರುವುದಿಲ್ಲ. ಕಾಯಿಲೆಯೂ ಜೊತೆಗೆ ಸಾಗುತ್ತದೆ. ಇತ್ತ ನಿಮ್ಮ ಡೆಕ್ಕಿನ ಕೆಳಗೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ.

ಅನಿಮಲ್ ಕಂಟ್ರೋಲ್‌ನವರ ಕೆಲಸ ಹೆಚ್ಚಾಗಿ ನಾಯಿ ಬೆಕ್ಕುಗಳದು. ಆರೋಗ್ಯವಾಗಿರುವ ಪಾಸಮ್‌ಗಾಗಿ ಅವರು ಬರುವುದು ಅಪರೂಪ. ಅಂದಹಾಗೆ ನಮ್ಮ ರಾಜ್ಯ 2013ರಲ್ಲಿ ಇದನ್ನೇ ರಾಜ್ಯದ ಅಧಿಕೃತ ಚೀಲಪ್ರಾಣಿ ಎಂದು ಘೋಷಿಸಿದೆ. ಇರುವುದೇ ಒಂದು ಜಾತಿ, ಆದರೂ ಘೋಷಣೆ ಆಯಿತು.

ಟೊಮೇಟೊ, ಬಸಳೆ ಎಲ್ಲ ಹಾಳು. ಪಾಸಮ್ಮೇ ಕಳ್ಳ ತಾನೇ?

ಅದಕ್ಕೆ ಸುಮ್ನೆ ಕೆಟ್ಟ ಹೆಸರು. ಮೊದಲು ಕಚ್ಚಿದ ಗುರುತು ನೋಡಿ. ಕಾಂಡವನ್ನು ಚಾಕುವಿನಿಂದ ಓರೆಯಾಗಿ ಕತ್ತರಿಸಿದಂತಿದ್ದರೆ ಮೊಲ. ಹರಿದು ಜಗ್ಗಿದಂತಿದ್ದರೆ ಜಿಂಕೆ, ಅದಕ್ಕೆ ಮೇಲ್ದವಡೆಯ ಮುಂದಿನ ಹಲ್ಲಿಲ್ಲ. ಹಣ್ಣಾಗುವ ಮೊದಲೇ ಟೊಮೇಟೊ ಕಿತ್ತು, ಒಂದೇ ಕಡಿ ಕಚ್ಚಿ, ಬೇಲಿಯ ಮೇಲೆ ಇಟ್ಟು ಹೋಗಿದ್ದರೆ ಅಳಿಲು. ಜೋಳದ ಗಿಡವನ್ನೇ ಕೆಡವಿದ್ದರೆ ರಕೂನ್. ನೆಲಕ್ಕೆ ತಾಗಿದ, ಕೊಳೆಯಲು ಶುರುವಾದ ಹಣ್ಣು ಮಾತ್ರ ಮಾಯವಾಗಿದ್ದರೆ ಅದು ಪಾಸಮ್.

ನಮ್ಮ ಬಸಳೆ, ಹೀರೆ, ದಾಸವಾಳ ಎಲ್ಲ ಹೋಗಿದ್ದು ಜಿಂಕೆಗೆ. ಎಂಟು ಅಡಿ ಎತ್ತರದ ಬಲೆ ಕಟ್ಟಿದ ಮೇಲೆ ಸಾಂಬಾರಿಗೆ ನಮ್ಮದೇ ಹೀರೆಕಾಯಿ. ಕುಂಡದ ಕರಿಬೇವನ್ನು ಮಾತ್ರ ಇದುವರೆಗೆ ಯಾರೂ ಮುಟ್ಟಿಲ್ಲ. ಕೋಳಿ ಸಾಕಿದವರು ಮಾತ್ರ ರಾತ್ರಿ ಗೂಡಿನ ಬಾಗಿಲು ಭದ್ರ ಮಾಡಲೇಬೇಕು. ಮೊಟ್ಟೆ, ಮರಿ ಸಿಕ್ಕರೆ ಪಾಸಮ್ ಬಿಡುವುದಿಲ್ಲ.

## ಮರಿ ಸಿಕ್ಕಾಗ

ರಸ್ತೆಯಲ್ಲಿ ಕಾರಿಗೆ ಸಿಕ್ಕು ಸತ್ತಿತ್ತು. ಹೊಟ್ಟೆಯ ಹತ್ತಿರ ಏನೋ ಅಲುಗಾಡಿತು. ನಿಲ್ಲಬೇಕಿತ್ತಾ?

ರಸ್ತೆ ಸುರಕ್ಷಿತವಾಗಿದ್ದರೆ, ಹೌದು. ತಾಯಿ ಸತ್ತರೂ ಚೀಲದೊಳಗೆ ಮರಿಗಳು ಬದುಕಿರಬಹುದು. ಚಿಕ್ಕ ಮರಿಯ ಬಾಯೊಳಗೆ ಮೊಲೆತೊಟ್ಟು ಉಬ್ಬಿ ಸೇರಿಕೊಂಡಿರುತ್ತದೆ. ಎಳೆದರೆ ಬಾಯಿ ಹರಿಯುತ್ತದೆ. ಹಾಗಾಗಿ ಬಿಡಿಸಲು ಹೋಗಬೇಡಿ. ದಪ್ಪ ಕೈಗವಸು ಹಾಕಿಕೊಂಡು, ತಾಯಿಯನ್ನು ಮರಿಗಳ ಸಮೇತ ಟವೆಲಿನಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಲೈಸೆನ್ಸ್ ಇರುವ ವನ್ಯಜೀವಿ ಆರೈಕೆಯವರಿಗೆ ತಲುಪಿಸಿ. ಹತ್ತಿರದವರು ಯಾರು ಎಂದು ತಿಳಿಯಲು ಅನಿಮಲ್ ಹೆಲ್ಪ್ ನೌ ಎಂಬ ತಾಣ ಸಹಾಯಕ್ಕೆ ಬರುತ್ತದೆ. ಈಗಲೇ ನೋಡಿ ನಂಬರ್ ಬರೆದಿಟ್ಟುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ರಸ್ತೆ ಬದಿಯಲ್ಲಿ ಹುಡುಕುವುದು ಕಷ್ಟ.

ಒಂಟಿ ಮರಿ ಸಿಕ್ಕಿದೆ. ಹಾಲು ಕುಡಿಸಲಾ?

ಬೇಡ. ಹಸುವಿನ ಹಾಲೂ ಬೇಡ, ನೀರೂ ಬೇಡ. ಮೊದಲು ಅಳೆಯಿರಿ. ಬಾಲ ಬಿಟ್ಟು, ಮೂಗಿನಿಂದ ಬಾಲದ ಬುಡದವರೆಗೆ 7 ಇಂಚಿಗಿಂತ ಹೆಚ್ಚಿದ್ದು ಚುರುಕಾಗಿದ್ದರೆ ಅದು ಮರಿಯಲ್ಲ, ಸ್ವತಂತ್ರವಾಗಿ ಬಾಳುವ ಹುಡುಗ. ಹಾಗೇ ಬಿಡಿ. ಅದಕ್ಕಿಂತ ಚಿಕ್ಕದಿದ್ದರೆ ತಾಯಿಯ ಬೆನ್ನಿನಿಂದ ಜಾರಿ ಬಿದ್ದಿರುತ್ತದೆ. ಪಾಸಮ್ ತಾಯಿ ಎಣಿಸಿ ನೋಡುವುದಿಲ್ಲ, ಹಿಂದಿರುಗಿ ಬಂದು ಹುಡುಕುವುದೂ ಇಲ್ಲ. ಬೆಚ್ಚಗೆ, ಕತ್ತಲಾಗಿ, ಸದ್ದಿಲ್ಲದ ಪೆಟ್ಟಿಗೆಯಲ್ಲಿಟ್ಟು ಆರೈಕೆಯವರಿಗೆ ಕೊಡಿ.

ನಾವೇ ಸಾಕಿಕೊಂಡರೆ ಆಗಲ್ವಾ? ಮಕ್ಕಳು ಹಟ ಮಾಡ್ತಿದ್ದಾರೆ.

ಆಗಲ್ಲ. ಹೆಚ್ಚಿನ ಕಡೆ ಪರವಾನಗಿ ಇಲ್ಲದೆ ಸಾಕುವಂತಿಲ್ಲ. ಊಟದಲ್ಲಿ ಕ್ಯಾಲ್ಸಿಯಂ ಹದ ತಪ್ಪಿದರೆ ಅದರ ಮೂಳೆಗಳು ಬಾಗುತ್ತವೆ. ಮಕ್ಕಳಿಗೆ ಕಿಟಕಿ ತೋರಿಸಿ.

ಹುಲ್ಲು ಕತ್ತರಿಸುವಾಗ ಮೊಲದ ಮರಿಗಳ ಗೂಡು ಸಿಕ್ಕಿತು. ತಾಯಿ ಬಿಟ್ಟು ಹೋಗಿದೆ, ಪಾಪ.

ಬಿಟ್ಟು ಹೋಗಿಲ್ಲ. ಮೊಲದ ತಾಯಿ ಬೆಳಗಿನ ಜಾವ ಒಂದು ಸಲ, ಮುಸ್ಸಂಜೆ ಒಂದು ಸಲ ಬಂದು ಹಾಲೂಡಿಸಿ ಹೋಗುತ್ತದೆ. ಉಳಿದ ಹೊತ್ತು ದೂರ ಇರುವುದೇ ಅದರ ಉಪಾಯ, ನರಿಗೆ ಗೂಡು ಗೊತ್ತಾಗಬಾರದಲ್ಲ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ಕಿತ್ತ ಹುಲ್ಲು, ತುಪ್ಪಳ ಮತ್ತೆ ಮುಚ್ಚಿ. ಸುತ್ತ ನಾಲ್ಕು ಕಡ್ಡಿ ನೆಟ್ಟು ಮೂರು ವಾರ ಆ ಜಾಗ ಬಿಟ್ಟು ಕತ್ತರಿಸಿ. ಹುಲ್ಲಿನಲ್ಲಿ ಒಂಟಿಯಾಗಿ ಮಲಗಿರುವ ಜಿಂಕೆ ಮರಿಯದೂ ಇದೇ ಕಥೆ.

ಗೃಹಪ್ರವೇಶದ ತೋರಣದಲ್ಲಿ ಹಕ್ಕಿ ಗೂಡು ಕಟ್ಟಿದೆ. ಮುಂಬಾಗಿಲೇ ತೆರೆಯೋ ಹಾಗಿಲ್ಲ. ತೆಗೀಬಹುದಾ?

ಮೊಟ್ಟೆ ಇಟ್ಟಿದ್ದರೆ ತೆಗೆಯುವಂತಿಲ್ಲ. 1918ರ ವಲಸೆ ಹಕ್ಕಿಗಳ ಕಾಯ್ದೆ ಇಲ್ಲಿನ ಹೆಚ್ಚಿನ ಹಕ್ಕಿಗಳನ್ನು ಕಾಯುತ್ತದೆ. ನಮ್ಮ ಕಡೆ ತೋರಣಕ್ಕೆ ಬರುವುದು ಹೆಚ್ಚಾಗಿ ರೆನ್ ಅಥವಾ ಫಿಂಚ್. ಮೊಟ್ಟೆಯಿಂದ ಮರಿ ಹಾರುವವರೆಗೆ ಸುಮಾರು ಒಂದು ತಿಂಗಳು. ಅಲ್ಲಿಯವರೆಗೆ ಗ್ಯಾರೇಜಿನಿಂದ ಓಡಾಡಿ. ಬಾಣಂತನ ಎಂದುಕೊಳ್ಳಿ.

## ಉಳಿದ ನೆರೆಯವರು

ರಕೂನ್ ಎಷ್ಟು ಮುದ್ದಾಗಿದೆ! ಅದೂ ಪಾಸಮ್ ಥರ ಸಾಧು ತಾನೇ?

ಅಲ್ಲ. ಮುಖ ಮುದ್ದು, ಕೈ ಕಳ್ಳನದು. ನಮ್ಮ ರಾಜ್ಯದಲ್ಲಿ ರೇಬಿಸ್ ಹೊತ್ತು ತಿರುಗುವ ಮುಖ್ಯ ಪ್ರಾಣಿಗಳಲ್ಲಿ ಅದೂ ಒಂದು. ಇನ್ನೊಂದು ಅಪಾಯ ಜನಕ್ಕೆ ಗೊತ್ತೇ ಇಲ್ಲ. ರಕೂನ್‌ಗಳು ಒಂದೇ ಜಾಗವನ್ನು ಪಾಯಿಖಾನೆ ಮಾಡಿಕೊಳ್ಳುತ್ತವೆ. ಡೆಕ್ಕಿನ ಮೂಲೆ, ಮರದ ಬುಡ, ಸೌದೆ ರಾಶಿ. ಆ ಹಿಕ್ಕೆಯಲ್ಲಿ ಒಂದು ಬಗೆಯ ದುಂಡುಹುಳುವಿನ ಮೊಟ್ಟೆಗಳಿರಬಹುದು. ಎರಡರಿಂದ ನಾಲ್ಕು ವಾರದಲ್ಲಿ ಅವು ಅಪಾಯದ ಹಂತಕ್ಕೆ ಬರುತ್ತವೆ. ಮಣ್ಣಲ್ಲಾಡಿ ಬಾಯಿಗೆ ಕೈ ಹಾಕುವ ಮಕ್ಕಳ ಮಿದುಳಿಗೂ ಆ ಹುಳು ಹೋಗಬಲ್ಲದು. ಒಣಗಿದ್ದನ್ನು ಗುಡಿಸಿ ದೂಳೆಬ್ಬಿಸಬೇಡಿ. ಮಾಸ್ಕ್, ಕೈಗವಸು ಹಾಕಿ ತೆಗೆದು, ಜಾಗಕ್ಕೆ ಕುದಿಯುವ ನೀರು ಹೊಯ್ಯಿರಿ. ಆ ಮೊಟ್ಟೆ ಬ್ಲೀಚಿಗೆ ಬಗ್ಗದು, ಬಿಸಿಗೆ ಸಾಯುತ್ತದೆ.

ನಾಯಿಗೆ ಸ್ಕಂಕ್ ಹೊಡೆದಿದೆ. ಮನೆಯೆಲ್ಲ ನಾತ. ಟೊಮೇಟೊ ರಸ ಹಚ್ಚಲಾ?

ಟೊಮೇಟೊ ಸಾರಿಗೆ ಇಟ್ಟುಕೊಳ್ಳಿ. ಅದು ನಾತವನ್ನು ಕಳೆಯುವುದಿಲ್ಲ. ನಮ್ಮ ಮೂಗು ದಣಿದು ಕಡಿಮೆಯಾದಂತೆ ಅನಿಸುತ್ತದೆ, ಅಷ್ಟೆ. ಆ ನಾತ ಗಂಧಕದ ಸಂಯುಕ್ತಗಳದು. ಪಾಲ್ ಕ್ರೀಬಾಮ್ ಎಂಬ ರಸಾಯನ ತಜ್ಞರು 1993ರಲ್ಲಿ ತಿಳಿಸಿದ ಮದ್ದು ಆ ಸಂಯುಕ್ತಗಳನ್ನೇ ಬದಲಿಸುತ್ತದೆ. 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಒಂದು ಲೀಟರ್, ಅಡುಗೆ ಸೋಡಾ ಕಾಲು ಕಪ್, ಪಾತ್ರೆ ತೊಳೆಯುವ ದ್ರವ ಸೋಪು ಒಂದೆರಡು ಚಮಚ. ಆಗಲೇ ಕಲಸಿ ಆಗಲೇ ಹಚ್ಚಬೇಕು. ಕಣ್ಣು, ಬಾಯಿ ಬಿಟ್ಟು ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಉಳಿದದ್ದನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ. ಗ್ಯಾಸ್ ತುಂಬಿ ಸಿಡಿಯುತ್ತದೆ. ಕಪ್ಪು ನಾಯಿ ಸ್ವಲ್ಪ ಕೆಂಚಾದೀತು.

ಇಲ್ಲಿನ ಅಳಿಲಿನ ಬೆನ್ನಲ್ಲಿ ಗೆರೆ ಯಾಕಿಲ್ಲ? ಅಜ್ಜಿ ಕೇಳಿದರು, ಉತ್ತರ ಬರಲಿಲ್ಲ.

ರಾಮ ಬೆನ್ನು ಸವರಿದ್ದು ನಮ್ಮ ಮೂರು ಗೆರೆಯ ಅಳಿಲನ್ನು. ಇಲ್ಲಿರುವುದು ಬೂದು ಅಳಿಲು, ಬೇರೆ ಜಾತಿ, ಗಾತ್ರದಲ್ಲೂ ದೊಡ್ಡದು. ಅಜ್ಜಿಗೆ ಗೆರೆ ಬೇಕೇ ಬೇಕು ಎಂದಾದರೆ ಚಿಪ್‌ಮಂಕ್ ತೋರಿಸಿ. ನಮ್ಮಮ್ಮ ಅದನ್ನು ನೋಡಿ, ಸೇತುವೆ ಕಟ್ಟುವುದಕ್ಕೆ ಇವೂ ಹೋಗಿದ್ದವೇನೋ ಎಂದರು.

## ಸ್ವಲ್ಪ ಆಳಕ್ಕೆ ಹೋದವರ ಪ್ರಶ್ನೆಗಳು

12 ದಿನದಲ್ಲೇ ಮರಿ ಹಾಕುತ್ತೆ ಅಂತ ಓದಿದೆ. ಅಚ್ಚಿನ ತಪ್ಪಾ?

ತಪ್ಪಲ್ಲ. ಗರ್ಭದಲ್ಲಿ 12ರಿಂದ 13 ದಿನ ಮಾತ್ರ. ಹುಟ್ಟಿದಾಗ ಜೇನುನೊಣದ ಗಾತ್ರ. ಕಣ್ಣಿಲ್ಲ, ಕಿವಿಯಿಲ್ಲ, ಮುಂಗಾಲು ಮಾತ್ರ ಗಟ್ಟಿ. ಆ ಕಾಲಿನಿಂದ ತಾಯಿಯ ತುಪ್ಪಳ ಹಿಡಿದು ಈಜಿದಂತೆ ಚೀಲಕ್ಕೆ ತಲುಪಬೇಕು. ಒಳಗೆ ಸಾಮಾನ್ಯವಾಗಿ 13 ಮೊಲೆತೊಟ್ಟು. 12 ಸುತ್ತಲೂ, ಒಂದು ನಡುವೆ. ಹುಟ್ಟುವುದು ಇಪ್ಪತ್ತೂ ಇರಬಹುದು. ತೊಟ್ಟು ಸಿಗದವು ಉಳಿಯುವುದಿಲ್ಲ. ಎರಡು ತಿಂಗಳಿಗೂ ಹೆಚ್ಚು ಚೀಲದಲ್ಲಿ, ಆಮೇಲೆ ಬೆನ್ನ ಮೇಲೆ ಸವಾರಿ, ಮೂರೂವರೆ ತಿಂಗಳ ಹೊತ್ತಿಗೆ ಸ್ವಂತ ಬದುಕು.

ಅದರ ಆಯಸ್ಸು ಎರಡೇ ವರ್ಷ ಅಂತೆ. ಯಾಕೆ ಇಷ್ಟು ಕಡಿಮೆ?

ಕಾರು, ನಾಯಿ, ಗೂಬೆ, ಚಳಿ ಎಲ್ಲ ಸೇರಿ ಎರಡು ವರ್ಷ ದಾಟಲು ಬಿಡುವುದಿಲ್ಲ. ಉತ್ತರದ ರಾಜ್ಯಗಳಲ್ಲಿ ಕಿವಿ, ಬಾಲದ ತುದಿ ಹಿಮಕ್ಕೆ ಕಪ್ಪಾಗಿ ಉದುರುತ್ತವೆ. ಅಪಾಯ ಇಲ್ಲದಿದ್ದರೂ ಅದು ಬೇಗ ಮುದಿಯಾಗುತ್ತದೆ. ಒಂದೂವರೆ ವರ್ಷಕ್ಕೇ ಕಣ್ಣಿಗೆ ಪೊರೆ, ಮೈ ಕೃಶ.

ಇದರಲ್ಲಿ ಸ್ಟೀವನ್ ಆಸ್ಟಡ್ ಎಂಬ ವಿಜ್ಞಾನಿಗೆ ಆಸಕ್ತಿ ಹುಟ್ಟಿತು. ಬೇಟೆಗಾರ ಪ್ರಾಣಿಗಳ ಕಾಟವಿಲ್ಲದ ಕಡೆ ಏನಾಗಿರುತ್ತದೆ? ಅವರು ಜಾರ್ಜಿಯಾ ರಾಜ್ಯದ ಸಪೇಲೋ ದ್ವೀಪದ ಪಾಸಮ್‌ಗಳನ್ನು ನೆಲನಾಡಿನವುಗಳ ಜೊತೆ ಹೋಲಿಸಿದರು. ಸಾವಿರಾರು ವರ್ಷಗಳಿಂದ ಬೇರೆಯಾಗಿ ಉಳಿದ ದ್ವೀಪದ ಪಾಸಮ್‌ಗಳು ನಿಧಾನವಾಗಿ ಮುದಿಯಾಗುತ್ತಿದ್ದವು, ಹೆಚ್ಚು ಕಾಲ ಬದುಕುತ್ತಿದ್ದವು, ಒಂದು ಸಲಕ್ಕೆ ಹೆರುವ ಮರಿಗಳೂ ಕಡಿಮೆ. 1993ರಲ್ಲಿ ಪ್ರಕಟವಾದ ಈ ಕೆಲಸವನ್ನು ಮುಪ್ಪಿನ ಬಗ್ಗೆ ಓದುವವರು ಇವತ್ತಿಗೂ ನೆನೆಯುತ್ತಾರೆ. ನಾಳೆ ಸಾಯುವ ಭಯವಿದ್ದರೆ ಇವತ್ತೇ ಎಲ್ಲ ಮಾಡಿ ಮುಗಿಸುವ ಮೈ ಉಳಿಯುತ್ತದೆ. ನಿಧಾನಕ್ಕೆ ಬದುಕಲು ಬಿಡುವು ಸಿಕ್ಕ ಕಡೆ ನಿಧಾನದ ಮೈ ಉಳಿಯುತ್ತದೆ.

ಕ್ಯಾಲಿಫೋರ್ನಿಯಾದಲ್ಲೂ ಇದೆ. ಅಲ್ಲಿಯದೂ ಮೂಲದ್ದೇನಾ?

ಅಲ್ಲ. ಸುಮಾರು 1890ರಲ್ಲಿ ಸ್ಯಾನ್ ಹೋಸೆ ಕಡೆಗೆ ಜನರೇ ತಂದು ಬಿಟ್ಟರು, ತಿನ್ನಲು ಮತ್ತು ತುಪ್ಪಳಕ್ಕೆ. ಆ ಕಾಲದಲ್ಲಿ ಅದು ಔತಣದ ಅಡುಗೆ. 1909ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ಇನ್ನೇನು ಅಧ್ಯಕ್ಷರಾಗಲಿದ್ದ ವಿಲಿಯಂ ಟಾಫ್ಟ್‌ಗೆ ಗೆಣಸಿನ ಜೊತೆ ಪಾಸಮ್ ಬಡಿಸಿದರು. ಆಗಿನ ಅಧ್ಯಕ್ಷ ರೂಸ್‌ವೆಲ್ಟ್ ಹೆಸರಿನ ಟೆಡ್ಡಿ ಕರಡಿಗೆ ಬದಲಾಗಿ ಬಿಲ್ಲಿ ಪಾಸಮ್ ಎಂಬ ಗೊಂಬೆಯನ್ನೂ ಮಾರುಕಟ್ಟೆಗೆ ತಂದರು. ಮಕ್ಕಳು ಕೊಳ್ಳಲಿಲ್ಲ.

ಪಕ್ಕದಲ್ಲಿ ಕುದುರೆ ಲಾಯ ಇದೆ. ಅವರು ಪಾಸಮ್ ಕಂಡರೆ ಕೆಂಡ ಕಾರ್ತಾರೆ. ಯಾಕೆ?

ಅವರಿಗೆ ಕಾರಣವಿದೆ. ಕುದುರೆಯ ನರಗಳಿಗೆ ಬರುವ ಒಂದು ಕೆಟ್ಟ ರೋಗದ ಪರಾವಲಂಬಿ ಜೀವಿ ಪಾಸಮ್‌ನ ಹಿಕ್ಕೆಯಿಂದ ಮೇವಿಗೆ ಸೇರುತ್ತದೆ. ಮೇವನ್ನು ಭದ್ರವಾಗಿ ಮುಚ್ಚಿಡುವುದೇ ಉಪಾಯ. ಟೆಕ್ಸಸ್, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಪಾಸಮ್ ಮೈಮೇಲಿನ ಚಿಗಟದಿಂದ ಟೈಫಸ್ ಜ್ವರವೂ ಬರುವುದುಂಟು. ಅಲ್ಲಿರುವವರು ನಾಯಿ ಬೆಕ್ಕಿಗೆ ಚಿಗಟದ ಔಷಧಿ ತಪ್ಪಿಸಬಾರದು.

ರಾತ್ರಿ ಎದ್ದು ಕಾಯೋಕಾಗಲ್ಲ. ಬಂದು ಹೋಗಿದೆಯಾ ಅಂತ ತಿಳಿಯೋದು ಹೇಗೆ?

ಕ್ಯಾಮೆರಾ ಬೇಕಿಲ್ಲ, ರಂಗೋಲಿ ಪುಡಿ ಸಾಕು. ಅಕ್ಕಿಹಿಟ್ಟು ಬೇಡ, ಇರುವೆಗೂ ಇಲಿಗೂ ಹಬ್ಬವಾಗುತ್ತದೆ. ಕಲ್ಲಿನ ಪುಡಿಯನ್ನು ಹಿಂಬಾಗಿಲ ಮೆಟ್ಟಿಲ ಮೇಲೆ ತೆಳ್ಳಗೆ ಉದುರಿಸಿ ಮಲಗಿ. ಬೆಳಿಗ್ಗೆ ನೋಡಿದರೆ ಮುಂಗಾಲಿನ ಗುರುತು ನಕ್ಷತ್ರದಂತೆ ಐದು ಬೆರಳು ಅಗಲಿಸಿರುತ್ತದೆ. ಹಿಂಗಾಲಿನಲ್ಲಿ ನಮ್ಮ ಹೆಬ್ಬೆರಳಿನಂಥದ್ದೊಂದು ಬೆರಳು ಒಳಕ್ಕೆ, ಬದಿಗೆ ಚಾಚಿರುತ್ತದೆ. ಅದಕ್ಕೆ ಉಗುರೂ ಇಲ್ಲ. ನಡುವೆ ಬಾಲ ಎಳೆದ ಗೆರೆ ಕಂಡರೂ ಕಾಣಬಹುದು. ರಕೂನ್‌ನದಾದರೆ ಪುಟ್ಟ ಮಗುವಿನ ಅಂಗೈ ಒತ್ತಿದಂತಿರುತ್ತದೆ.

ಹೋದ ದೀಪಾವಳಿಯ ರಾತ್ರಿ ಅಮ್ಮ ಒಂಬತ್ತು ಚುಕ್ಕಿಯ ರಂಗೋಲಿ ಹಾಕಿ ಮಲಗಿದ್ದರು. ಬೆಳಿಗ್ಗೆ ಅದರ ಮೇಲೆ ಅಡ್ಡಲಾಗಿ ಹನ್ನೊಂದು ನಕ್ಷತ್ರ ಇತ್ತು. ಅಮ್ಮ ಅಳಿಸಲಿಲ್ಲ. ಚುಕ್ಕಿ ಲೆಕ್ಕ ತಪ್ಪಿದೆ ಎಂದು ಗೊಣಗಿ ಕಾಫಿ ಮಾಡಲು ಒಳಗೆ ಹೋದರು.